ಕ್ಯಾಮೆರಾಕ್ಕೊಂದು ಹೆಚ್ಚುವರಿ ಬ್ಯಾಟರಿ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಮೈಸೂರು ದಸರೆಯ ಜಂಬೂಸವಾರಿ ನೋಡಲು ನೀವು ಮಧ್ಯಾಹ್ನವೇ ಜಾಗ ಹಿಡಿದು ಕುಳಿತಿದ್ದೀರಿ. ಕಂಸಾಳೆ, ವೀರಗಾಸೆ, ಡೊಳ್ಳು ಕುಣಿತದ ತಂಡಗಳು, ಹಿಂದೆಯೇ ಸ್ತಬ್ಧಚಿತ್ರಗಳು ಒಂದೊಂದಾಗಿ ಸಾಗುತ್ತವೆ. ಯಾವುದನ್ನೂ ಬಿಡದೆ ಸೆರೆಹಿಡಿಯುತ್ತೀರಿ. ಕೊನೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಗಂಭೀರವಾಗಿ ಹೆಜ್ಜೆಯಿಡುತ್ತ ಬರುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಕೆಂಪು ಗುರುತು ಮಿನುಗಿ ಕ್ಯಾಮೆರಾ ಕಣ್ಣು ಮುಚ್ಚುತ್ತದೆ. ಚಿಂತೆಯಿಲ್ಲ, ಚೀಲದಲ್ಲಿ ಇನ್ನೊಂದು ಬ್ಯಾಟರಿ ಇದೆ! ಅವಸರದಿಂದ ಬದಲಿಸುತ್ತೀರಿ. 'ಈ ಬ್ಯಾಟರಿಯನ್ನು ಬಳಸಲಾಗದು' ಎಂಬ ಸಂದೇಶ ಮೂಡುತ್ತದೆ. ಅಂಬಾರಿ ಮುಂದೆ ಸಾಗಿಬಿಡುತ್ತದೆ.

ಪ್ರವಾಸಿಗನಿಗೆ ಇದು ಒಂದು ದಿನದ ಬೇಸರ. ಮದುವೆಯ ಛಾಯಾಗ್ರಾಹಕನಿಗಾದರೋ ಅನ್ನದ ಪ್ರಶ್ನೆ. ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ನಡೆಸಿಕೊಡಿ ಎಂದು ಪುರೋಹಿತರನ್ನು ಕೇಳಲಾದೀತೆ?

ಹೆಚ್ಚುವರಿ ಬ್ಯಾಟರಿ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎಂಥದ್ದು, ಎಷ್ಟು ಎಂಬ ವಿಚಾರದಲ್ಲಿ ಬಹುತೇಕರು ಮೋಸಹೋಗುವುದು ಬ್ಯಾಟರಿಯ ಮೇಲೆ ಅಚ್ಚಾಗಿರುವ ಒಂದು ದೊಡ್ಡ ಅಂಕಿಯನ್ನು ನಂಬಿ. ಚೀಟಿಯ ಮೇಲಿನ ಅಂಕಿಯನ್ನು ನಂಬಿ ಕೊಂಡದ್ದಲ್ಲ, ಅಗತ್ಯಕ್ಕೆ ಮುನ್ನವೇ ನೀವೇ ಪರೀಕ್ಷಿಸಿಟ್ಟುಕೊಂಡದ್ದೇ ನಿಜವಾದ ಹೆಚ್ಚುವರಿ ಬ್ಯಾಟರಿ.

ಎಷ್ಟು ಚಿತ್ರಕ್ಕೆ ಎಷ್ಟು ಬ್ಯಾಟರಿ?

ಕ್ಯಾಮೆರಾದ ಕೈಪಿಡಿಯಲ್ಲಿ 'ಒಮ್ಮೆ ಚಾರ್ಜ್ ಮಾಡಿದರೆ ಇಷ್ಟು ಚಿತ್ರ' ಎಂದು ನಮೂದಿಸಿರುತ್ತಾರೆ. ಈ ಸಂಖ್ಯೆ ಬರುವುದು ಜಪಾನಿನ ಕ್ಯಾಮೆರಾ ಮತ್ತು ಇಮೇಜಿಂಗ್ ಉತ್ಪನ್ನಗಳ ಒಕ್ಕೂಟ, ಸಂಕ್ಷಿಪ್ತವಾಗಿ 'ಸಿಪಾ', ರೂಪಿಸಿದ ಪರೀಕ್ಷೆಯಿಂದ. ಕೋಣೆಯ ಹಿತವಾದ ಉಷ್ಣಾಂಶದಲ್ಲಿ 30 ಸೆಕೆಂಡಿಗೊಂದರಂತೆ ಚಿತ್ರ ತೆಗೆಯುತ್ತಾರೆ. ಫ್ಲಾಶ್ ಇರುವ ಕ್ಯಾಮೆರಾವಾದರೆ ಒಂದು ಬಿಟ್ಟು ಒಂದು ಚಿತ್ರಕ್ಕೆ ಅದು ಬೆಳಗಬೇಕು. ಹತ್ತು ಚಿತ್ರಗಳಿಗೊಮ್ಮೆ ಕ್ಯಾಮೆರಾವನ್ನು ಆರಿಸಿ ಮತ್ತೆ ಚಾಲೂ ಮಾಡಬೇಕು. ಹೀಗೆ ಬ್ಯಾಟರಿ ಬರಿದಾಗುವವರೆಗೆ ಎಣಿಸುತ್ತಾರೆ.

2018ರಲ್ಲಿ ಬಂದ ಎರಡು ಕ್ಯಾಮೆರಾಗಳನ್ನು ಹೋಲಿಸಿ ನೋಡಿ. ಕನ್ನಡಿಯುಳ್ಳ ಡಿಎಸ್‌ಎಲ್‌ಆರ್ ಬಗೆಯ ನಿಕಾನ್ ಡಿ3500 ತನ್ನ 1230 ಎಂಎಎಚ್ ಬ್ಯಾಟರಿಯಿಂದ ಈ ಪರೀಕ್ಷೆಯಲ್ಲಿ 1550 ಚಿತ್ರ ಕೊಡುತ್ತದೆ. ಕನ್ನಡಿಯಿಲ್ಲದ, ಅಂದರೆ ಮಿರರ್‌ಲೆಸ್ ಬಗೆಯ ಸೋನಿ ಆಲ್ಫಾ 7-3 ತನ್ನ 2280 ಎಂಎಎಚ್ ಬ್ಯಾಟರಿಯಿಂದ ಕೊಡುವುದು 710 ಚಿತ್ರ. ಕಣ್ಣಿಗಿಟ್ಟು ನೋಡುವ ಕಿಂಡಿಯನ್ನೇ ಬಳಸಿದರೆ 610. ಬ್ಯಾಟರಿ ದೊಡ್ಡದು, ಚಿತ್ರ ಕಡಿಮೆ! ಕಾರಣ ಸರಳ. ಡಿಎಸ್‌ಎಲ್‌ಆರ್‌ನಲ್ಲಿ ನಾವು ಕನ್ನಡಿಯ ಮೂಲಕ ಬೆಳಕನ್ನೇ ನೇರವಾಗಿ ನೋಡುತ್ತೇವೆ, ಅದಕ್ಕೆ ವಿದ್ಯುತ್ ಬೇಡ. ಮಿರರ್‌ಲೆಸ್‌ನಲ್ಲಿ ಕ್ಯಾಮೆರಾ ಚಾಲೂ ಇರುವಷ್ಟು ಹೊತ್ತೂ ಸಂವೇದಕವೂ ಪುಟ್ಟ ಪರದೆಯೂ ದುಡಿಯುತ್ತಲೇ ಇರಬೇಕು. ಹಳೆಯ ಡಿಎಸ್‌ಎಲ್‌ಆರ್‌ನಿಂದ ಮಿರರ್‌ಲೆಸ್‌ಗೆ ಬದಲಾದವರು ಮೊದಲ ಸಮಾರಂಭದಲ್ಲೇ ಬ್ಯಾಟರಿ ಮುಗಿಸಿಕೊಂಡು ಪೇಚಾಡುವುದು ಇದರಿಂದಲೇ.

ಸಿಪಾ ಸಂಖ್ಯೆ ಹೋಲಿಕೆಗೆ ಒಳ್ಳೆಯದು, ಭರವಸೆಗಲ್ಲ. ಫ್ಲಾಶ್ ಬಳಸದೆ ಒಂದೇ ಸಮನೆ ಸರಣಿ ಚಿತ್ರ ಹೊಡೆಯುವವರಿಗೆ ಅದಕ್ಕಿಂತ ಹೆಚ್ಚೇ ಸಿಗಬಹುದು. ವಿಡಿಯೊ ಚಿತ್ರೀಕರಣ, ತೆಗೆದ ಚಿತ್ರವನ್ನು ಮತ್ತೆ ಮತ್ತೆ ನೋಡುವ ಚಪಲ, ವೈ-ಫೈ ಸಂಪರ್ಕ ಇವೆಲ್ಲ ಬ್ಯಾಟರಿಯನ್ನು ಹೀರುತ್ತವೆ. ಆದ್ದರಿಂದ ಯೋಜನೆ ಹಾಕುವಾಗ ಕೈಪಿಡಿಯ ಸಂಖ್ಯೆಯ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಕುಟುಂಬದ ಪ್ರವಾಸಕ್ಕೆ ಒಂದು ಹೆಚ್ಚುವರಿ ಬ್ಯಾಟರಿ ಸಾಕು. ನಾಗರಹೊಳೆಯ ಸಫಾರಿ ವಾಹನದಲ್ಲಿ ಚಾರ್ಜರ್ ಚುಚ್ಚಲು ಜಾಗವಿರುವುದಿಲ್ಲ, ಅಂಥಲ್ಲಿಗೆ ಎರಡು. ಮುಂಜಾನೆಯ ದೇವಕಾರ್ಯದಿಂದ ರಾತ್ರಿಯ ಆರತಕ್ಷತೆಯವರೆಗೆ ನಿಲ್ಲಬೇಕಾದ ಛಾಯಾಗ್ರಾಹಕನಿಗೆ ಮೂರರಿಂದ ನಾಲ್ಕು.

ಎಂಎಎಚ್ ಎಂಬ ಅಂಕಿಯ ಮರ್ಮ

ಬ್ಯಾಟರಿಯ ಮೇಲೆ ದಪ್ಪಕ್ಷರದಲ್ಲಿರುವ ಎಂಎಎಚ್, ಅಂದರೆ ಮಿಲಿ ಆಂಪಿಯರ್ ಅವರ್, ಅದು ಹಿಡಿದಿಡಬಲ್ಲ ವಿದ್ಯುದಾವೇಶದ ಅಳತೆ. ಪಕ್ಕದಲ್ಲೇ ವೋಲ್ಟ್ ಎಷ್ಟೆಂದೂ ಇರುತ್ತದೆ. ಇವೆರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ವ್ಯಾಟ್ ಅವರ್ ಸಿಗುತ್ತದೆ. ಬ್ಯಾಟರಿಯಲ್ಲಿರುವ ನಿಜವಾದ ಶಕ್ತಿ ಇದೇ. 7.2 ವೋಲ್ಟ್, 2280 ಎಂಎಎಚ್ ಎಂದರೆ 16.4 ವ್ಯಾಟ್ ಅವರ್. ಅಂಗಡಿಯಲ್ಲಿ ಎರಡು ಬ್ಯಾಟರಿ ಹೋಲಿಸುವಾಗ ನೋಡಬೇಕಾದದ್ದು ಈ ಕೊನೆಯ ಸಂಖ್ಯೆಯನ್ನು.

ಹೆಸರಿಲ್ಲದ ತಯಾರಕರು ಈ ಅಂಕಿಯನ್ನು ಮನಸ್ಸಿಗೆ ಬಂದಂತೆ ಅಚ್ಚುಹಾಕುವುದುಂಟು. ಸುಳ್ಳನ್ನು ಗುರುತಿಸಲು ಪ್ರಯೋಗಾಲಯವೇನೂ ಬೇಡ, ಸ್ವಲ್ಪ ಇತಿಹಾಸ ಸಾಕು. ಕ್ಯಾನನ್ ಕಂಪನಿ 2008ರಲ್ಲಿ ಎಲ್‌ಪಿ-ಇ6 ಎಂಬ ಬ್ಯಾಟರಿಯನ್ನು ಹೊರತಂದಿತು. ಅದರ ಸಾಮರ್ಥ್ಯ 1800 ಎಂಎಎಚ್. ಮುಂದೆ ಅದೇ ಆಕಾರದಲ್ಲಿ 1865 ಎಂಎಎಚ್‌ನದು ಬಂತು. 2020ರಲ್ಲಿ ಬಂದ ಎಲ್‌ಪಿ-ಇ6ಎನ್‌ಎಚ್‌ನ ಸಾಮರ್ಥ್ಯ 2130 ಎಂಎಎಚ್. ಅಂದರೆ ಮೂಲ ತಯಾರಕರೇ ಅದೇ ಗಾತ್ರದ ಡಬ್ಬಿಯಲ್ಲಿ 12 ವರ್ಷಗಳಲ್ಲಿ ಹೆಚ್ಚಿಸಲು ಸಾಧ್ಯವಾದದ್ದು ಶೇ. 18ರಷ್ಟು ಮಾತ್ರ. ಹೀಗಿರುವಾಗ ಅದೇ ಅಳತೆಯ ಬ್ಯಾಟರಿಯಲ್ಲಿ, ಅದೂ ಕಾಲುಭಾಗದ ಬೆಲೆಗೆ, ಒಂದೂವರೆ ಪಟ್ಟು ಶಕ್ತಿ ತುಂಬಿದ್ದೇವೆ ಎಂದು ಯಾರಾದರೂ ಹೇಳಿದರೆ ನಂಬುವುದು ಹೇಗೆ? ಮೂಲ ಬ್ಯಾಟರಿಗಿಂತ ಸ್ವಲ್ಪ ಹೆಚ್ಚು ಅಥವಾ ಕಡಿಮೆ ಇದ್ದರೆ ಒಪ್ಪಬಹುದು. ಅಂಕಿ ಹಾರಿ ನಿಂತಿದ್ದರೆ ಕೈಚೀಲ ಮುಚ್ಚುವುದೇ ಜಾಣತನ.

ತೂಕವೂ ಒಂದು ಸಾಕ್ಷಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಎರಡನ್ನೂ ಇಟ್ಟು ನೋಡಿ. ನಕಲಿಯು ಮೂಲಕ್ಕಿಂತ ಗಣನೀಯವಾಗಿ ಹಗುರವಾಗಿದ್ದರೆ ಒಳಗಿನ ಸರಕೂ ಅಷ್ಟೇ ಕಡಿಮೆ ಎಂದರ್ಥ.

ಕಂಪನಿಯದ್ದೋ, ಬೇರೆಯವರದ್ದೋ?

ಮಾರುಕಟ್ಟೆಯಲ್ಲಿ ಮೂರು ಬಗೆಯವು ಸಿಗುತ್ತವೆ. ಮೊದಲನೆಯದು ಕ್ಯಾಮೆರಾ ತಯಾರಕರದೇ ಬ್ಯಾಟರಿ. ಬೆಲೆ ದುಬಾರಿ, ನೆಮ್ಮದಿ ಹೆಚ್ಚು. ಎರಡನೆಯದು ಬೇರೆ ಕಂಪನಿಗಳು ತಮ್ಮದೇ ಹೆಸರಿನಲ್ಲಿ ಮಾರುವ ಹೊಂದಿಕೆಯ ಬ್ಯಾಟರಿ. ಇವುಗಳಲ್ಲಿ ಒಳ್ಳೆಯವೂ ಇವೆ, ಕಳಪೆಯವೂ ಇವೆ. ಮೂರನೆಯದು ಮೂಲ ಕಂಪನಿಯ ಹೆಸರನ್ನೇ ಕದ್ದು ಅಚ್ಚುಹಾಕಿದ ಖೋಟಾ ಮಾಲು. ಅದರಿಂದ ದೂರವಿರಬೇಕು.

ಹೊಂದಿಕೆಯ ಬ್ಯಾಟರಿಯಲ್ಲಿ ಎದುರಾಗುವ ಮುಖ್ಯ ತೊಡಕು ಅದರೊಳಗಿನ ಚಿಪ್‌ನದು. ಇಂದಿನ ಬ್ಯಾಟರಿಗಳು ತಮ್ಮಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದನ್ನು ಚಿಪ್‌ನ ಮೂಲಕ ಕ್ಯಾಮೆರಾಕ್ಕೆ ತಿಳಿಸುತ್ತವೆ. ಅಗ್ಗದ ಬ್ಯಾಟರಿಯಲ್ಲಿ ಈ ಮಾತುಕತೆ ಸರಿಯಾಗಿ ನಡೆಯದು. ಪರದೆಯ ಮೇಲೆ ತುಂಬಿದೆ ಎಂದು ತೋರಿಸುತ್ತಿರುವಾಗಲೇ ಕ್ಯಾಮೆರಾ ಥಟ್ಟನೆ ಆರಿಹೋಗಬಹುದು. ಕಂಪನಿಯ ಚಾರ್ಜರ್ ಅದನ್ನು ಗುರುತಿಸದಿರಬಹುದು. ನಿನ್ನೆಯವರೆಗೆ ನಡೆಯುತ್ತಿದ್ದುದು ಕ್ಯಾಮೆರಾದ ತಂತ್ರಾಂಶ ನವೀಕರಿಸಿದ ಬಳಿಕ ತಿರಸ್ಕೃತವಾಗಲೂಬಹುದು.

ಇವೆಲ್ಲಕ್ಕಿಂತ ದೊಡ್ಡದು ಸುರಕ್ಷತೆಯ ಪ್ರಶ್ನೆ. ಲಿಥಿಯಂ-ಅಯಾನ್ ಬ್ಯಾಟರಿಗೆ ಅತಿಯಾದ ಚಾರ್ಜ್, ಅತಿಯಾದ ಶಾಖ, ಶಾರ್ಟ್ ಸರ್ಕಿಟ್ ಮೂರೂ ಶತ್ರುಗಳು. ಒಳ್ಳೆಯ ಬ್ಯಾಟರಿಯಲ್ಲಿ ಇವನ್ನು ತಡೆಯುವ ಪುಟ್ಟ ರಕ್ಷಣಾ ಮಂಡಲ ಇರುತ್ತದೆ. ಬೆಲೆ ಇಳಿಸುವ ಭರದಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಹಾಗಾದಾಗ ಬ್ಯಾಟರಿ ಊದಿಕೊಂಡು ಕ್ಯಾಮೆರಾದ ಗೂಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಹತ್ತಾರು ಸಾವಿರದ ಕ್ಯಾಮೆರಾವನ್ನು ಪಣಕ್ಕಿಡುವುದು ಯಾವ ಲೆಕ್ಕ?

ನಮ್ಮ ದೇಶದಲ್ಲಿ ಮಾರಾಟವಾಗುವ ಇಂಥ ಬ್ಯಾಟರಿಗಳು ಭಾರತೀಯ ಮಾನಕ ಬ್ಯೂರೋದ ಐಎಸ್ 16046 ಮಾನಕದಡಿ ಕಡ್ಡಾಯ ನೋಂದಣಿಗೆ ಒಳಪಡುತ್ತವೆ. ಬ್ಯಾಟರಿಯ ಮೇಲೆ ಬ್ಯೂರೋದ ಗುರುತೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ. ಈ ಸಂಖ್ಯೆ ಅಸಲಿಯೇ ಎಂಬುದನ್ನು ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾಗಲಿ, ಆನ್‌ಲೈನ್ ಮಳಿಗೆಯಾಗಲಿ, ರಸೀದಿ ಮತ್ತು ವಾರಂಟಿ ಇಲ್ಲದೆ ಬ್ಯಾಟರಿ ಕೊಳ್ಳಬೇಡಿ.

ಮನೆಯಲ್ಲೇ ಪರೀಕ್ಷೆ

ಕೊಂಡ ದಿನವೇ ಈ ಪರೀಕ್ಷೆ ಮಾಡಿ, ಹಿಂತಿರುಗಿಸುವ ಅವಧಿ ಮುಗಿಯುವವರೆಗೆ ಕಾಯಬೇಡಿ.

ಮೊದಲು ಹಳೆಯ ಹಾಗೂ ಹೊಸ ಬ್ಯಾಟರಿ ಎರಡನ್ನೂ ಪೂರ್ತಿ ಚಾರ್ಜ್ ಮಾಡಿ. ಚಾರ್ಜ್ ಆಗುವಾಗ ಹೊಸತು ಮುಟ್ಟಲಾಗದಷ್ಟು ಬಿಸಿಯಾದರೆ ಅಲ್ಲಿಗೇ ನಿಲ್ಲಿಸಿ, ಮರಳಿಸಿ. ಅನಂತರ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಒಂದೇ ಗುಣಮಟ್ಟದ ವಿಡಿಯೊವನ್ನು ಮೊದಲು ಮೂಲ ಬ್ಯಾಟರಿಯಲ್ಲಿ, ಬಳಿಕ ಹೊಸತರಲ್ಲಿ, ಬರಿದಾಗುವವರೆಗೆ ಚಿತ್ರೀಕರಿಸಿ. ಹಲವು ಕ್ಯಾಮೆರಾಗಳಲ್ಲಿ ಸುಮಾರು 30 ನಿಮಿಷಕ್ಕೆ ಚಿತ್ರೀಕರಣ ತಾನಾಗಿಯೇ ನಿಲ್ಲುತ್ತದೆ, ಕೂಡಲೇ ಮತ್ತೆ ಆರಂಭಿಸಬೇಕು. ಎರಡರ ಸಮಯವನ್ನೂ ಬರೆದಿಟ್ಟುಕೊಳ್ಳಿ. ಮೂಲ ಬ್ಯಾಟರಿ 100 ನಿಮಿಷ ನಡೆದು, ಹೊಸತು 85-90 ನಿಮಿಷ ನಡೆದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. 50-60ಕ್ಕೇ ನಿಂತರೆ ಚೀಟಿಯ ಮೇಲೆ ಏನೇ ಬರೆದಿರಲಿ, ಅದು ಅಷ್ಟೇ ಬಾಳುವ ಬ್ಯಾಟರಿ.

ಅಂದಹಾಗೆ, ಹೊಸ ಬ್ಯಾಟರಿಯನ್ನು ಮೊದಲ ಬಾರಿ ಎಂಟು ಗಂಟೆ ಚಾರ್ಜ್ ಮಾಡಬೇಕು, ಪ್ರತಿಸಲವೂ ಪೂರ್ತಿ ಖಾಲಿ ಮಾಡಿಯೇ ಮತ್ತೆ ತುಂಬಬೇಕು ಎಂಬ ಮಾತುಗಳು ಹಳೆಯ ನಿಕಲ್-ಕ್ಯಾಡ್ಮಿಯಂ ಕಾಲದವು. ಲಿಥಿಯಂ-ಅಯಾನ್‌ಗೆ ಅವು ಅನ್ವಯಿಸುವುದಿಲ್ಲ.

ಪೆನ್ ಟಾರ್ಚ್ ಸೆಲ್ ಬಳಸುವವರಿಗೆ

ಹಳೆಯ ಪುಟ್ಟ ಕ್ಯಾಮೆರಾಗಳಿಗೂ ಬಹುಪಾಲು ಬಾಹ್ಯ ಫ್ಲಾಶ್‌ಗಳಿಗೂ ಪೆನ್ ಟಾರ್ಚ್ ಸೆಲ್‌ಗಳೇ ಬೇಕು. ಗಡಿಯಾರಕ್ಕೆ ಹಾಕುವ ಸಾಧಾರಣ ಸೆಲ್ ಇಲ್ಲಿ ಕೆಲವೇ ಚಿತ್ರಗಳಿಗೆ ಸುಸ್ತಾಗುತ್ತದೆ, ಏಕೆಂದರೆ ಒಮ್ಮೆಲೇ ಹೆಚ್ಚು ವಿದ್ಯುತ್ ಕೊಡುವ ಶಕ್ತಿ ಅದಕ್ಕಿಲ್ಲ. ಮರುಚಾರ್ಜ್ ಮಾಡಬಲ್ಲ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಇದಕ್ಕೆ ತಕ್ಕದ್ದು. ಮೊದಲೆಲ್ಲ ಇವು ಸುಮ್ಮನಿಟ್ಟರೂ ತಿಂಗಳೊಳಗೆ ಸಾಕಷ್ಟು ಬರಿದಾಗುತ್ತಿದ್ದವು. 2005ರಲ್ಲಿ ಸ್ಯಾನ್ಯೊ ಕಂಪನಿಯ ಎನೆಲೂಪ್ ಬಂದ ಮೇಲೆ, ತಿಂಗಳುಗಟ್ಟಲೆ ಚಾರ್ಜ್ ಉಳಿಸಿಕೊಳ್ಳುವ ಸೆಲ್‌ಗಳು ಬಳಕೆಗೆ ಬಂದವು. ಕೊಳ್ಳುವುದಾದರೆ ಇಂಥವನ್ನೇ ಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ಕೊಂಡು, ಒಟ್ಟಿಗೆ ಚಾರ್ಜ್ ಮಾಡಿ, ಒಟ್ಟಿಗೆ ಬಳಸಿ. ಹಳತು ಹೊಸತು ಬೆರೆಸಬೇಡಿ.

ಪವರ್ ಬ್ಯಾಂಕ್ ಇದ್ದರೆ ಸಾಲದೆ?

ಈಚಿನ ಅನೇಕ ಕ್ಯಾಮೆರಾಗಳಿಗೆ ಯುಎಸ್‌ಬಿ ಮೂಲಕವೇ ಚಾರ್ಜ್ ತುಂಬಬಹುದು. 10,000 ಎಂಎಎಚ್ ಪವರ್ ಬ್ಯಾಂಕ್ ಎಂದರೆ ಐದು ಬ್ಯಾಟರಿಗೆ ಸಮವೆಂದು ಭಾವಿಸುವವರಿದ್ದಾರೆ. ಇಲ್ಲಿಯೂ ವ್ಯಾಟ್ ಅವರ್ ಲೆಕ್ಕ ಮರೆಯಬಾರದು. ಪವರ್ ಬ್ಯಾಂಕಿನ ಆ ಅಂಕಿ 3.7 ವೋಲ್ಟ್‌ನದು, ಗುಣಿಸಿದರೆ 37 ವ್ಯಾಟ್ ಅವರ್ ಮಾತ್ರ. ನಡುವಿನ ಸೋರಿಕೆ ಕಳೆದರೆ 16 ವ್ಯಾಟ್ ಅವರ್‌ನ ಬ್ಯಾಟರಿಯನ್ನು ಹೆಚ್ಚೆಂದರೆ ಸುಮಾರು ಎರಡು ಬಾರಿ ತುಂಬೀತು. ಅದಕ್ಕೂ ಗಂಟೆಗಟ್ಟಲೆ ಬೇಕು, ಬ್ಯಾಟರಿ ಬದಲಿಸಲು ಹತ್ತು ಸೆಕೆಂಡು ಸಾಕು. ರಾತ್ರಿ ತಂಗುವ ಪ್ರಯಾಣಕ್ಕೆ ಪವರ್ ಬ್ಯಾಂಕ್ ಒಳ್ಳೆಯ ಜೊತೆಗಾರ, ಮುಹೂರ್ತದ ವೇಳೆಗಲ್ಲ. ಕೆಲವು ಕ್ಯಾಮೆರಾಗಳು ಯುಎಸ್‌ಬಿ ಮೂಲಕ ತಮ್ಮದೇ ಕಂಪನಿಯ ನಿರ್ದಿಷ್ಟ ಬ್ಯಾಟರಿಗಳನ್ನು ಮಾತ್ರ ಚಾರ್ಜ್ ಮಾಡುತ್ತವೆ ಎಂಬುದೂ ನೆನಪಿರಲಿ.

ಜೋಪಾನ ಹೇಗೆ?

ಬ್ಯಾಟರಿಯ ಆಯಸ್ಸನ್ನು ತಿನ್ನುವುದು ಬಿಸಿಲು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಕ್ಯಾಮೆರಾ ಚೀಲ ಬಿಟ್ಟುಹೋಗಬೇಡಿ. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಅರ್ಧದಷ್ಟು ಚಾರ್ಜ್ ಉಳಿಸಿ, ಕ್ಯಾಮೆರಾದಿಂದ ತೆಗೆದು, ತಂಪಾದ ಒಣ ಜಾಗದಲ್ಲಿಡಿ. ಪೂರ್ತಿ ತುಂಬಿಸಿಟ್ಟರೂ, ಪೂರ್ತಿ ಬರಿದಾಗಿಸಿಟ್ಟರೂ ಅದು ಬೇಗ ಮುಪ್ಪಾಗುತ್ತದೆ. ಹಿಮಾಲಯದ ಚಳಿಯಲ್ಲಾದರೆ ಸಾಮರ್ಥ್ಯ ತಾತ್ಕಾಲಿಕವಾಗಿ ಕುಗ್ಗುತ್ತದೆ. ಅಲ್ಲಿ ಹೆಚ್ಚುವರಿ ಬ್ಯಾಟರಿ ಇರಬೇಕಾದದ್ದು ಚೀಲದಲ್ಲಲ್ಲ, ಅಂಗಿಯ ಒಳಜೇಬಿನಲ್ಲಿ.

ಬ್ಯಾಟರಿಗಳಿಗೆ 1, 2, 3 ಎಂದು ಚೀಟಿ ಅಂಟಿಸಿ, ಸರದಿಯಂತೆ ಬಳಸಿ. ಆಗ ಯಾವುದು ಸೋತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಲೋಹದ ತುದಿಗಳಿಗೆ ಮುಚ್ಚಳ ಹಾಕಿಡಿ. ಜೇಬಿನಲ್ಲಿ ನಾಣ್ಯ, ಬೀಗದಕೈ ತಾಗಿದರೂ ಶಾರ್ಟ್ ಆಗಬಹುದು. ವಿಮಾನದಲ್ಲಿ ಹೋಗುವಾಗ ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಸರಕಿನ ಜತೆ ಕಳುಹಿಸುವಂತಿಲ್ಲ. 100 ವ್ಯಾಟ್ ಅವರ್ ಮೀರಿದವಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಕ್ಯಾಮೆರಾ ಬ್ಯಾಟರಿಗಳು ಆ ಮಿತಿಯಿಂದ ಬಹಳ ಕೆಳಗಿವೆ.

ಊದಿಕೊಂಡ ಬ್ಯಾಟರಿಯನ್ನು ಇನ್ನೊಮ್ಮೆ ಚಾರ್ಜ್‌ಗೆ ಇಡಬಾರದು. ಗೂಡಿನಲ್ಲಿ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ದುರಸ್ತಿ ಕೇಂದ್ರಕ್ಕೆ ಒಯ್ಯಿರಿ. ಸತ್ತ ಬ್ಯಾಟರಿಯ ಜಾಗ ಮನೆಯ ಕಸದ ಬುಟ್ಟಿಯಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ತಲುಪಿಸಿದರೆ ನಿಮ್ಮ ಹೊಣೆ ಮುಗಿಯಿತು.

ಮುಂದಿನ ಸಮಾರಂಭದ ಹಿಂದಿನ ರಾತ್ರಿ ಚೀಲ ತೆರೆದು ನೋಡಿ. ಎಲ್ಲ ಬ್ಯಾಟರಿಗಳನ್ನೂ ತುಂಬಿಸಿ, ಒಂದೊಂದನ್ನೂ ಕ್ಯಾಮೆರಾಕ್ಕೆ ಹಾಕಿ ಒಂದೊಂದು ಚಿತ್ರ ತೆಗೆಯಿರಿ. ಐದು ನಿಮಿಷದ ಕೆಲಸ. ಅಂಬಾರಿ ಬರುವ ಹೊತ್ತಿಗೆ ನಿಮ್ಮ ಗಮನವೆಲ್ಲ ಆನೆಯ ಮೇಲಿರುತ್ತದೆ, ಬ್ಯಾಟರಿಯ ಮೇಲಲ್ಲ.