ಬೆನ್ನುನೋವಿಗೆ ಕುರ್ಚಿ ಕಾರಣ ಅಂದುಕೊಂಡಿದ್ದೆ!

ಎರಡು ವರ್ಷ ನಾನು ಬೈದಿದ್ದು ಆಫೀಸಿನ ಕುರ್ಚಿಯನ್ನು. ಐಟಿ ಕೆಲಸ ಅಂದ್ಮೇಲೆ ಬೆನ್ನುನೋವು ಸಂಬಳದ ಜೊತೆ ಬರೋ ಬೋನಸ್ಸು ಅಂತ ಎಲ್ಲರೂ ನಗ್ತಾರೆ, ನಾನೂ ನಕ್ಕೆ. ಕುರ್ಚಿ ಬದಲಾಯಿಸಿದೆ, ಹಾಸಿಗೆ ಬದಲಾಯಿಸಿದೆ. ಆದರೆ ನನ್ನ ನೋವಿನ ರೀತಿಯೇ ಬೇರೆ. ಭಾನುವಾರ ಪೂರ್ತಿ ಮಲಗಿದರೆ ಜಾಸ್ತಿ, ಓಡಾಡಿದರೆ ಕಮ್ಮಿ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ. ಎದ್ದ ಮೇಲೆ ಒಂದು ಗಂಟೆ ಸೊಂಟ ಬಗ್ಗಲ್ಲ, ಶೂ ಲೇಸ್ ಕಟ್ಟೋಕೂ ಕಷ್ಟ.

ಒಂದಿನ ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ನೋಡೋಕಾಗದೆ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಪರೀಕ್ಷೆ ಮಾಡಿದ ಅವರು ಕೇಳಿದ್ದು, "ನಿಮಗೆ ಬೆನ್ನುನೋವು ಇದೆಯಾ?" ಅಂತ! ಅಲ್ಲಿಂದ ರುಮಟಾಲಜಿಸ್ಟ್, ಎಂಆರ್‌ಐ, ರಕ್ತಪರೀಕ್ಷೆ. ರೋಗದ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ರಿಪೋರ್ಟಿನಲ್ಲಿ ಇನ್ನೊಂದು ಸಾಲು: ಎಚ್‌ಎಲ್‌ಎ-ಬಿ27 ಪಾಸಿಟಿವ್.

ಏನಿದು ಎಚ್‌ಎಲ್‌ಎ? ನಮ್ಮ ಜೀವಕೋಶಗಳು ತಮ್ಮೊಳಗಿನ ಪ್ರೋಟೀನುಗಳ ಚೂರುಗಳನ್ನು ಹೊರಗೆ ತಂದು ತೋರಿಸುತ್ತಲೇ ಇರುತ್ತವೆ. ಆ ಚೂರನ್ನು ಹಿಡಿದು ನಿಲ್ಲುವ ತಟ್ಟೆಯೇ ಎಚ್‌ಎಲ್‌ಎ ಅಣು. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಬೀಟ್ ಪೊಲೀಸರ ಹಾಗೆ ಸುತ್ತುತ್ತಾ ಪ್ರತಿ ತಟ್ಟೆಯನ್ನೂ ನೋಡುತ್ತವೆ. ನಮ್ಮದೇ ಚೂರಿದ್ದರೆ ಮುಂದೆ ಹೋಗುತ್ತವೆ. ವೈರಸ್ಸಿನ ಚೂರು ಕಂಡರೆ ಆ ಕೋಶವನ್ನೇ ಮುಗಿಸುತ್ತವೆ.

ಈ ತಟ್ಟೆಗಳ ಜೀನ್‌ಗಳಿರುವುದು 6ನೇ ಕ್ರೋಮೋಸೋಮಿನಲ್ಲಿ, ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ. ಇದರಲ್ಲಿ ಸಾವಿರಾರು ಮಾದರಿಗಳಿವೆ. ಅಂಗಾಂಗ ಕಸಿಗೆ ಮೊದಲು 'ಮ್ಯಾಚ್' ನೋಡುವುದು ಇದನ್ನೇ. ಒಂದೊಂದು ಮಾದರಿ ಹಿಡಿಯುವ ಚೂರೂ ಬೇರೆ. ಹಾಗಾಗಿಯೇ ಕೆಲವು ಮಾದರಿ ಇದ್ದವರಿಗೆ ಕೆಲವು ಆಟೋಇಮ್ಯೂನ್ ಕಾಯಿಲೆಗಳ ಸಾಧ್ಯತೆ ಹೆಚ್ಚು. ಟೈಪ್-1 ಡಯಾಬಿಟಿಸ್‌ಗೆ ಡಿಆರ್3, ಡಿಆರ್4. ಗೋಧಿ ಆಗದ ಸೀಲಿಯಾಕ್ ಕಾಯಿಲೆಗೆ ಡಿಕ್ಯೂ2, ಡಿಕ್ಯೂ8.

ನನ್ನ ಬಿ27 ಕಥೆ ಹೊರಬಿದ್ದದ್ದು 1973ರಲ್ಲಿ. ಲಂಡನ್ನಿನ ವೈದ್ಯರು ಈ ರೋಗವಿದ್ದ 75 ಜನರನ್ನು ಪರೀಕ್ಷಿಸಿದಾಗ 72 ಜನರಲ್ಲಿ ಬಿ27 ಸಿಕ್ಕಿತು. ರೋಗವಿಲ್ಲದ 75 ಜನರಲ್ಲಿ ಕೇವಲ 3. ಅದೇ ವರ್ಷ ಲಾಸ್ ಏಂಜಲೀಸ್‌ನ ತಂಡವೂ ಇದನ್ನೇ ಕಂಡಿತು. ಬಿ27 ಬೆನ್ನುಮೂಳೆಗೆ ಹೇಗೆ ತೊಂದರೆ ಕೊಡುತ್ತದೆ ಅನ್ನೋದು ಮಾತ್ರ ಇವತ್ತಿಗೂ ಪೂರ್ತಿ ಬಿಡಿಸದ ಬಗ್. ತಟ್ಟೆಯಲ್ಲಿರೋ ನಮ್ಮದೇ ಚೂರನ್ನು ಟಿ ಕೋಶಗಳು ಶತ್ರು ಅಂದುಕೊಳ್ಳುತ್ತವೆ ಅನ್ನೋದು ಒಂದು ವಾದ. ತಟ್ಟೆಯೇ ಸರಿಯಾಗಿ ಮಡಚಿಕೊಳ್ಳದೆ ಕೋಶದೊಳಗೆ ಉರಿಯೂತ ಶುರುವಾಗುತ್ತದೆ ಅನ್ನೋದು ಇನ್ನೊಂದು.

ಹಾಗಂತ ಬಿ27 ಬರೀ ವಿಲನ್ ಅಲ್ಲ. ಎಚ್‌ಐವಿ ಸೋಂಕಿತರಲ್ಲಿ ಬಿ27 ಇದ್ದವರಿಗೆ ಕಾಯಿಲೆ ನಿಧಾನವಾಗಿ ಮುಂದುವರಿಯುತ್ತದೆ. ವೈರಸ್ಸನ್ನು ಚೆನ್ನಾಗಿ ಹಿಡಿದುಕೊಡುವ ತಟ್ಟೆಯೇ ನನ್ನ ಬೆನ್ನಿಗೆ ಮುಳ್ಳಾಯಿತು.

ರಿಪೋರ್ಟ್ ಬಂದ ರಾತ್ರಿ ತಮ್ಮ ಫೋನ್ ಮಾಡಿ, "ಅಣ್ಣಾ, ನಾನೂ ಟೆಸ್ಟ್ ಮಾಡಿಸ್ಲಾ?" ಅಂದ. ಧ್ವನಿಯಲ್ಲಿ ಭಯ ಇತ್ತು. ಡಾಕ್ಟರನ್ನು ಕೇಳಿದೆ. "ನೋವಿಲ್ಲದಿದ್ದರೆ ಬೇಡ. ಬಿ27 ಇರುವವರಲ್ಲಿ ಹೆಚ್ಚಿನವರಿಗೆ ಈ ರೋಗ ಬರೋದೇ ಇಲ್ಲ. ಲಕ್ಷಣ ಗೊತ್ತಿರಲಿ, ಸಾಕು" ಅಂದರು.

ಆ ಲಕ್ಷಣ ನಿಮಗೂ ಗೊತ್ತಿರಲಿ. ನಲವತ್ತರೊಳಗೆ ನಿಧಾನವಾಗಿ ಶುರುವಾಗಿ, ಮೂರು ತಿಂಗಳು ದಾಟಿದ, ಬೆಳಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಬಿಗಿತವಿರುವ, ಮಲಗಿದರೆ ಹೆಚ್ಚಾಗಿ ನಡೆದರೆ ಕಮ್ಮಿಯಾಗುವ ಬೆನ್ನುನೋವು ಇದ್ದರೆ ಬರೀ ಪೇನ್ ಬಾಮ್ ಹಚ್ಚಿ ಕೂರಬೇಡಿ, ರುಮಟಾಲಜಿಸ್ಟ್ ನೋಡಿ. ತಡವಾದಷ್ಟೂ ಕೆಲವರಲ್ಲಿ ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಉರಿಯೂತದ ಮಾತ್ರೆ, ಅದು ಸಾಲದಿದ್ದರೆ ಬಯಾಲಜಿಕ್ ಇಂಜೆಕ್ಷನ್, ಜೊತೆಗೆ ದಿನಾ ವ್ಯಾಯಾಮ ಇದರ ಚಿಕಿತ್ಸೆ. ಸಿಗರೇಟು ಬಿಡಲೇಬೇಕು.

ಈಗ ಬೆಳಗ್ಗೆ ಅಲಾರಂ ಆದ ತಕ್ಷಣ ಚಾಪೆ ಹಾಸಿ ಇಪ್ಪತ್ತು ನಿಮಿಷ ವ್ಯಾಯಾಮ ಮಾಡ್ತೀನಿ. ಶೂ ಲೇಸ್ ನಾನೇ ಕಟ್ಟಿಕೊಳ್ತೀನಿ. ಆ ಹಳೇ ಕುರ್ಚಿ ಆಫೀಸಿನ ಮೂಲೆಯಲ್ಲೇ ಇದೆ. ಪಾಪ, ಸುಮ್ನೆ ಬೈಸಿಕೊಂಡಿತು.