ನೋವು ಹೋಯಿತು, ಸಾವು ಹೋಗಲಿಲ್ಲ

ಲಂಡನ್ ಬ್ರಿಡ್ಜ್ ರೈಲು ನಿಲ್ದಾಣದ ಹತ್ತಿರ ಸೇಂಟ್ ಥಾಮಸ್ ಎಂಬ ಹಳೆಯ ಚರ್ಚ್ ಇದೆ. ಅದರ ಇಕ್ಕಟ್ಟಾದ ಸುರುಳಿಯಾಕಾರದ 52 ಮೆಟ್ಟಿಲು ಹತ್ತಿದರೆ ಅಟ್ಟದಲ್ಲಿ, ಪಕ್ಕದಲ್ಲಿದ್ದ ಆಸ್ಪತ್ರೆಗೆಂದು 1822ರಲ್ಲಿ ಕಟ್ಟಿದ ಆಪರೇಷನ್ ಥಿಯೇಟರ್ ಸಿಗುತ್ತದೆ. ಈಗ ಅದು ಮ್ಯೂಸಿಯಂ. ನಡುವೆ ಮರದ ಮೇಜು, ಮೇಲೆ ಗಾಜಿನ ಸೂರು, ಸುತ್ತ ಒಂದರ ಮೇಲೊಂದು ನಿಲ್ಲುವ ಕಟ್ಟೆಗಳು. ಸೋರಿದ ರಕ್ತ ಕೆಳಗಿನ ಚರ್ಚಿಗೆ ತೊಟ್ಟಿಕ್ಕದಿರಲಿ ಎಂದು ನೆಲದ ಹಲಗೆಗಳಡಿ ಮೂರು ಅಂಗುಲ ಮರದ ಹೊಟ್ಟು ತುಂಬಿದ್ದರು. ಇಷ್ಟು ಕೇಳಿದವರು, ಗರಗಸ ನೋಡಿದವರು, ಇಲ್ಲಿದ್ದವರು ವೈದ್ಯರಲ್ಲ, ಕಟುಕರು ಎಂದುಬಿಡುತ್ತಾರೆ.

ಅದು ಅನ್ಯಾಯದ ಮಾತು. ಅರಿವಳಿಕೆಯೇ ಇಲ್ಲದ ಕಾಲದಲ್ಲಿ ವೇಗವೇ ದಯೆ. ನುರಿತ ವೈದ್ಯ ಕೆಲವೇ ನಿಮಿಷಗಳಲ್ಲಿ ಕಾಲು ಕತ್ತರಿಸಿ ಮುಗಿಸುತ್ತಿದ್ದ. ತಡವಾದಷ್ಟೂ ನೋವು, ರಕ್ತಸ್ರಾವ ಎರಡೂ ಹೆಚ್ಚು. ಈ ಕೋಣೆ ಹುಟ್ಟಿದ್ದರ ಹಿಂದೆಯೂ ಅಂಥದೇ ಕಾಳಜಿಯಿದೆ. ಅದಕ್ಕೆ ಮೊದಲು ಹೆಂಗಸರ ಶಸ್ತ್ರಚಿಕಿತ್ಸೆ ವಾರ್ಡಿನಲ್ಲೇ, ಉಳಿದ ರೋಗಿಗಳ ಕಣ್ಣೆದುರೇ ನಡೆಯುತ್ತಿತ್ತು. ಚರ್ಚಿನ ಅಟ್ಟ ಆ ವಾರ್ಡಿಗೆ ತಾಗಿಕೊಂಡಿತ್ತು, ಸೂರಿನಿಂದ ಬೆಳಕೂ ಬೀಳುತ್ತಿತ್ತು.

ಹೆಂಡ ಕುಡಿಸಿ ಎಚ್ಚರ ತಪ್ಪಿಸುತ್ತಿದ್ದರು ಎಂಬ ನಂಬಿಕೆಗೆ ಸಿನಿಮಾಗಳು ಬಲ ಕೊಟ್ಟಿವೆ. ಮದ್ಯ, ಅಫೀಮು ಕೊಡುತ್ತಿದ್ದುದುಂಟು. ಇದೇ ಅಟ್ಟದ ತೊಲೆಗಳಲ್ಲಿ ಒಣಗಿದ ಗಸಗಸೆ ಕಾಯಿಗಳು ಸಿಕ್ಕಿವೆ. ಆದರೆ ಗರಗಸದ ನೋವು ತಿಳಿಯದಷ್ಟು ಕೊಟ್ಟರೆ ಉಸಿರೇ ನಿಲ್ಲುವ ಅಪಾಯ. ರೋಗಿ ಎಚ್ಚರವಾಗಿಯೇ ಇರುತ್ತಿದ್ದಳು. ಸಹಾಯಕರು ಅವಳನ್ನು ಅದುಮಿ ಹಿಡಿಯುತ್ತಿದ್ದರು.

ಕಟ್ಟೆಗಳ ಮೇಲೆ ನಿಂತವರು ಮೋಜಿಗೆ ಬಂದ ಜನರಲ್ಲ, ಕಲಿಯಲು ಬಂದ ವಿದ್ಯಾರ್ಥಿಗಳು. ಮೇಜಿನ ಮೇಲೆ ಮಲಗಿದವರು ಬಡವರು. ಶ್ರೀಮಂತರು ವೈದ್ಯರನ್ನು ಮನೆಗೇ ಕರೆಸಿಕೊಳ್ಳುತ್ತಿದ್ದರು. ಚಿಕಿತ್ಸೆಗೆ ಹಣ ತೆರಲಾಗದವರ ದೇಹ ಪಾಠವಾಯಿತು ಎಂಬುದು ಆ ಕೋಣೆಯ ನಿಜವಾದ ಕಹಿ.

ರಾಬರ್ಟ್ ಲಿಸ್ಟನ್ ಎಂಬ ಸರ್ಜನ್ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಮೂವರನ್ನು ಸಾಯಿಸಿದ ಕಥೆಯೂ ಊರೆಲ್ಲ ಸುತ್ತುತ್ತದೆ. ಅದಕ್ಕೆ ಅವನ ಕಾಲದ ದಾಖಲೆಯಿಲ್ಲ. ದಾಖಲೆಯಿರುವುದು ಬೇರೆಯದಕ್ಕೆ: 1846ರ ಡಿಸೆಂಬರ್ 21ರಂದು, ಲಂಡನ್ನಿನ ಇನ್ನೊಂದು ಆಸ್ಪತ್ರೆಯಲ್ಲಿ, ಈಥರ್ ಎಂಬ ಅರಿವಳಿಕೆ ಕೊಟ್ಟು ಅವನು ಒಬ್ಬ ರೋಗಿಯ ಕಾಲು ಕತ್ತರಿಸಿದ. ರೋಗಿಗೆ ನೋವೇ ತಿಳಿಯಲಿಲ್ಲ.

ಅಲ್ಲಿಂದ ಶಸ್ತ್ರಚಿಕಿತ್ಸೆ ಸುರಕ್ಷಿತವಾಯಿತು ಎಂಬುದೇ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ನೋವು ಹೋಯಿತು, ಸೋಂಕು ಹೋಗಲಿಲ್ಲ. ರೋಗಿ ಚೀರುತ್ತಿಲ್ಲವಾದ್ದರಿಂದ ವೈದ್ಯನಿಗೆ ನಿಧಾನಿಸಲು, ದೇಹದ ಇನ್ನಷ್ಟು ಒಳಗೆ ಕೈ ಹಾಕಲು ಧೈರ್ಯ ಬಂತು. ಆದರೆ ಆ ಕೈ ತೊಳೆದದ್ದಾಗಿರಲಿಲ್ಲ. ಹಳೆಯ ರಕ್ತ ಒಣಗಿ ಗಡುಸಾದ ಉಡುಪನ್ನೇ ತೊಡುತ್ತಿದ್ದರು. ಗಾಯದಲ್ಲಿ ದಪ್ಪ ಕೀವು ಬಂದರೆ ಗುಣವಾಗುತ್ತಿದೆ ಎಂದು ಸಮಾಧಾನಪಡುತ್ತಿದ್ದರು. ಇದು ಕ್ರೌರ್ಯವಲ್ಲ. ರೋಗಾಣುಗಳ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಎಷ್ಟೋ ರೋಗಿಗಳು ಮೇಜಿನ ಮೇಲೆ ಬದುಕುಳಿದು, ಕೆಲವು ದಿನಗಳ ಮೇಲೆ ಹಾಸಿಗೆಯಲ್ಲಿ ಸತ್ತರು.

ರೈಲು ಕಂಪನಿಗೆ ಜಾಗ ಬೇಕಾಗಿ 1862ರಲ್ಲಿ ಆಸ್ಪತ್ರೆ ಅಲ್ಲಿಂದ ಎದ್ದಿತು. ಮುಚ್ಚಿಹೋದ ಅಟ್ಟವನ್ನು ಮತ್ತೆ ಪತ್ತೆಹಚ್ಚಿದ್ದು 1956ರಲ್ಲಿ. ಜೋಸೆಫ್ ಲಿಸ್ಟರ್ ಗ್ಲಾಸ್ಗೋದಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯ ಶುಚಿಗೊಳಿಸುವ ವಿಧಾನ ಆರಂಭಿಸಿದ್ದು 1865ರಲ್ಲಿ, ಅಂದರೆ ಈ ಥಿಯೇಟರ್ ಮುಚ್ಚಿದ ಮೂರು ವರ್ಷಕ್ಕೆ. ಹಾಗಾಗಿ ಇಲ್ಲಿ ಅರಿವಳಿಕೆ ಕೊಟ್ಟು ಮಾಡಿದ ಶಸ್ತ್ರಚಿಕಿತ್ಸೆಗಳಿವೆ. ಲಿಸ್ಟರನ ವಿಧಾನದಲ್ಲಿ ಮಾಡಿದ್ದು ಒಂದೂ ಇಲ್ಲ.