ಕುಳ್ಳ ಮೋಡದ ಜಡಿಮಳೆ

ಜುಲೈನಲ್ಲಿ ಆಲಮಟ್ಟಿಯ ಒಳಹರಿವು ಏರತೊಡಗಿತೆಂದರೆ ಮಹಾಬಳೇಶ್ವರದ ಕಡೆ ಮಳೆ ಹಿಡಿದಿದೆ ಎಂದೇ ಅರ್ಥ. ವಿಜಯಪುರ, ಬಾಗಲಕೋಟೆಯ ಹೊಲಗಳ ಮೇಲೆ ಆಗ ಬರೀ ಗಾಳಿ ಬೀಸುತ್ತಿರಬಹುದು, ಹೊಳೆ ಮಾತ್ರ ತುಂಬಿ ಬರುತ್ತದೆ. ಕೃಷ್ಣೆ ಹುಟ್ಟುವ ಆ ಬೆಟ್ಟದ ನೆತ್ತಿಯಲ್ಲಿ ವರ್ಷಕ್ಕೆ 5,500 ಮಿ.ಮೀ. ಆಸುಪಾಸು ಮಳೆ. ಅಲ್ಲಿಂದ ಪೂರ್ವಕ್ಕೆ ಇನ್ನೂರು ಚಿಲ್ಲರೆ ಕಿಲೋಮೀಟರ್ ಹೋದರೆ ಸಿಗುವ ಸೊಲ್ಲಾಪುರದಲ್ಲಿ 700ರ ಹತ್ತಿರ. ಹನ್ನೆರಡನೇ ಶತಮಾನದಲ್ಲಿ ಶರಣ ಸಿದ್ಧರಾಮ ಕೆರೆ ಕಟ್ಟಿಸಿದ ಸೊನ್ನಲಿಗೆ ಇದೇ. ಕೆರೆ ಬೇಕಾಗಿದ್ದು ಸುಮ್ಮನೆ ಅಲ್ಲ.

ಕಡಲ ಕಡೆಯ ಮೋಡಕ್ಕೂ ಒಳನಾಡಿನ ಮೋಡಕ್ಕೂ ಏನು ವ್ಯತ್ಯಾಸ ಎಂದು ನೆಲದ ಮೇಲೆ ನಿಂತೇ ಅಳೆಯುವ ಕೆಲಸವನ್ನು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡುತ್ತಿದೆ. 1962ರಲ್ಲಿ ಹುಟ್ಟಿದ ಈ ಸಂಸ್ಥೆ 2012ರಲ್ಲಿ ಮಹಾಬಳೇಶ್ವರದಲ್ಲಿ ಮೋಡಗಳಿಗೆಂದೇ ಒಂದು ಪ್ರಯೋಗಾಲಯ ತೆರೆಯಿತು. ಜಾಗದ ಆಯ್ಕೆಯಲ್ಲೇ ಅರ್ಧ ಜಾಣತನವಿದೆ. ಮೋಡದೊಳಗಿನ ಹನಿ ಎಣಿಸಬೇಕೆಂದರೆ ಸಾಮಾನ್ಯವಾಗಿ ವಿಮಾನ ಹಾರಿಸಬೇಕು. ಸುಮಾರು 1,350 ಮೀಟರ್ ಎತ್ತರದ ಈ ಊರಿನಲ್ಲಾದರೋ ಮುಂಗಾರಿನ ಮೋಡವೇ ಕಟ್ಟಡಕ್ಕೆ ಬಂದು ಕವಿಯುತ್ತದೆ. ಉಪಕರಣವನ್ನು ತಾರಸಿಯ ಮೇಲಿಟ್ಟರೆ ಸಾಕು.

ಉಪಗ್ರಹ ಇರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ಉಪಗ್ರಹಕ್ಕೆ ಚೆನ್ನಾಗಿ ಕಾಣುವುದು ಮೋಡದ ತಲೆ. ಬುಡ ಎಲ್ಲಿದೆ, ಹೊಟ್ಟೆಯಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೆ ಕೆಳಗಿನಿಂದ ನೋಡಬೇಕು. ಬುಡ ಹುಡುಕಲು ಸೀಲೋಮೀಟರ್ ಇದೆ. ಲೇಸರ್ ಮಿಂಚನ್ನು ನೇರ ಮೇಲಕ್ಕೆ ಬಿಟ್ಟು, ಅದು ಮೋಡಕ್ಕೆ ತಾಗಿ ಮರಳುವ ಹೊತ್ತನ್ನು ಅಳೆಯುವ ಪೆಟ್ಟಿಗೆ. ಬುಡ 1,500 ಮೀಟರ್ ಮೇಲಿದ್ದರೆ ಬೆಳಕು ಹೋಗಿ ಬರಲು ಸೆಕೆಂಡಿನ ಲಕ್ಷದಲ್ಲೊಂದು ಭಾಗ ಸಾಕು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಇಂಥದ್ದೇ ಯಂತ್ರ ಕೆಲಸ ಮಾಡುತ್ತದೆ. ಆದರೆ ದಟ್ಟ ಮೋಡ ಅಡ್ಡಬಂದರೆ ಅದರಾಚೆ ಏನಿದೆ ಎಂದು ಅದಕ್ಕೆ ತಿಳಿಯದು. ಅಲ್ಲಿಂದ ಮುಂದಿನದು ರೇಡಾರ್ ಕೆಲಸ. ಮಹಾಬಳೇಶ್ವರಕ್ಕೆ ಪೂರ್ವದಲ್ಲಿ, ಕಾಳೂಬಾಯಿ ದೇವಸ್ಥಾನಕ್ಕೆ ಹೆಸರಾದ ಮಾಂಢರದೇವಿ ಬೆಟ್ಟದ ಮೇಲೆ ಕೂರಿಸಿದ ರೇಡಾರುಗಳು ಪಶ್ಚಿಮ ಘಟ್ಟದ ಎರಡೂ ಮಗ್ಗುಲನ್ನು ನೋಡಿವೆ. ಒಂದರ ಅಲೆಯುದ್ದ ಸುಮಾರು 8 ಮಿ.ಮೀ., ಇನ್ನೊಂದರದು 3 ಸೆಂ.ಮೀ. ಮೊದಲನೆಯದು ಮೋಡದ ಸಣ್ಣ ಕಣಗಳನ್ನೂ ಹಿಡಿಯುತ್ತದೆ, ಜೋರು ಮಳೆ ಬಂದರೆ ಸೋಲುತ್ತದೆ. ಎರಡನೆಯದು ಮಳೆಯನ್ನು ದೂರದವರೆಗೂ ಹಿಂಬಾಲಿಸುತ್ತದೆ.

ಇವೆಲ್ಲ ಕೂಡಿ ಹೇಳಿದ್ದು, ಹೆಚ್ಚು ಮಳೆಗೆ ಎತ್ತರದ ಮೋಡವೇ ಬೇಕೆಂಬ ನಮ್ಮ ಕಣ್ಣಂದಾಜಿಗೆ ಉಲ್ಟಾ. ಜಡಿಮಳೆ ಸುರಿಸುವ ಘಟ್ಟದ ಪಶ್ಚಿಮದ ಮೋಡಗಳು ಬಹುಪಾಲು ಕುಳ್ಳ. ಅವುಗಳ ತಲೆ ಎಷ್ಟೋ ಸಲ ಸುಮಾರು 5 ಕಿ.ಮೀ. ಮೇಲಿನ ಹಿಮಬಿಂದು ಮಟ್ಟವನ್ನೂ ಮುಟ್ಟುವುದಿಲ್ಲ. ಮಂಜುಗಡ್ಡೆಯ ಹಂಗಿಲ್ಲದೆ, ಹನಿಗೆ ಹನಿ ಡಿಕ್ಕಿ ಹೊಡೆದು ಕೂಡಿಕೊಂಡೇ ಮಳೆ ಆಗುತ್ತದೆ. ಗುಡುಗು ಸಿಡಿಲಿಲ್ಲದೆ ವಾರಗಟ್ಟಲೆ ಒಂದೇ ಸಮನೆ ಸುರಿಯುವ ಆಗುಂಬೆಯ ಆಷಾಢ ಕಂಡವರಿಗೆ ಇದು ಹೊಸದಲ್ಲ, ಕಾರಣ ಮಾತ್ರ ಹೊಸದು.

ಒಳನಾಡಿನಲ್ಲಿ ಗಗನಚುಂಬಿ ಮೋಡ ಏಳುತ್ತದೆ, ಆದರೆ ಅಪರೂಪಕ್ಕೆ. ಅಲ್ಲಿ ಗಾಳಿ ಒಣ. ನೆಲಮಟ್ಟದ ಗಾಳಿಯ ಉಷ್ಣಾಂಶಕ್ಕೂ ಇಬ್ಬನಿ ಕಟ್ಟುವ ಉಷ್ಣಾಂಶಕ್ಕೂ ಇರುವ ಪ್ರತಿ ಡಿಗ್ರಿ ಅಂತರಕ್ಕೆ ಮೋಡದ ಬುಡ ಸುಮಾರು 125 ಮೀಟರ್ ಮೇಲೇರುತ್ತದೆ. ಕರಾವಳಿಯಲ್ಲಿ ಅಂತರ 4 ಡಿಗ್ರಿ ಇದ್ದರೆ ಬುಡ 500 ಮೀಟರಿನಲ್ಲಿ. ಬಯಲುಸೀಮೆಯಲ್ಲಿ 12 ಡಿಗ್ರಿ ಇದ್ದರೆ 1,500ರಲ್ಲಿ. ಅಷ್ಟೆತ್ತರದಿಂದ ಹೊರಟ ಸಣ್ಣ ಹನಿ ದಾರಿಯಲ್ಲೇ ಆವಿಯಾಗುತ್ತದೆ, ನೆಲ ಮುಟ್ಟುವುದು ದಪ್ಪದ್ದೇ. ಹನಿಗಳ ನೆರಳನ್ನೋ ಬಡಿತವನ್ನೋ ಒಂದೊಂದಾಗಿ ಲೆಕ್ಕವಿಡುವ ಡಿಸ್ಡ್ರೋಮೀಟರ್ ಕೂಡ ಇದನ್ನೇ ತೋರಿಸುತ್ತದೆ: ಘಟ್ಟದ ಮೇಲೆ ಸಣ್ಣ ಹನಿಗಳ ಸಂತೆ, ಅದರ ಪೂರ್ವದ ಮಳೆನೆರಳಿನಲ್ಲಿ ಕೆಲವೇ, ಆದರೆ ದೊಡ್ಡವು. ವಿಜಯಪುರದ ಕಡೆಯವರು ಮುಂಗಾರಿನ ಕೊನೆಯ ಉತ್ತರಿ, ಹಸ್ತ ಮಳೆಗಳಿಗೆ ಕಾಯುವುದು ಸುಳ್ಳಲ್ಲ. ಸೊಲ್ಲಾಪುರಕ್ಕೂ ಹೆಚ್ಚು ಮಳೆ ಕೊಡುವ ತಿಂಗಳು ಸೆಪ್ಟೆಂಬರ್.

ದೂಳಿನ ಪಾತ್ರವೂ ಇದೆ. ಕಣಗಳಿಲ್ಲದೆ ಮೋಡವಿಲ್ಲ, ಆದರೆ ಕಣ ಹೆಚ್ಚಾದರೆ ಇದ್ದ ನೀರೇ ಹಲವು ಪಾಲಾಗಿ ಯಾವ ಹನಿಯೂ ಬೆಳೆಯುವುದಿಲ್ಲ. ಮದುವೆ ಮನೆಗೆ ಕರೆಯದವರೂ ಬಂದು ಪಾಯಸ ಎಲ್ಲರಿಗೂ ಒಂದೊಂದು ಚಮಚ ಆದ ಹಾಗೆ. ಕಡಲ ಗಾಳಿಯಲ್ಲಿ ಇಂಥ ಕಣಗಳು ಕಡಿಮೆ, ಬಯಲಿನಲ್ಲಿ ಜಾಸ್ತಿ. ಒಂದು ಮಳೆಹನಿ ಆಗಲು ಸುಮಾರು ಹತ್ತು ಲಕ್ಷ ಮೋಡದ ಹನಿ ಒಂದಾಗಬೇಕು ಎಂಬುದನ್ನು ನೆನೆದರೆ ಈ ಹಂಚಿಕೆಯ ನಷ್ಟ ಅರ್ಥವಾದೀತು.

ಕಣಗಳನ್ನು ಬೇಕೆಂದೇ ಮೋಡಕ್ಕೆ ತೂರಿ ಮಳೆ ಬರಿಸಲು 2017ರಲ್ಲಿ ಕರ್ನಾಟಕ ‘ವರ್ಷಧಾರೆ’ ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿಸಿತು. ಎಲ್ಲ ಮೋಡಕ್ಕೂ ಒಂದೇ ಬೀಜ ಎಂಬಂತೆ ಆಗ ಮಾತು ನಡೆಯುತ್ತಿದ್ದುದು ನನಗೆ ವಿಚಿತ್ರವಾಗಿ ಕಂಡಿತ್ತು. ಅದೇ ಪುಣೆ ಸಂಸ್ಥೆ 2018 ಮತ್ತು 2019ರಲ್ಲಿ ಸೊಲ್ಲಾಪುರದ ಸುತ್ತ ಬಿತ್ತಿದ ಮೋಡ, ಬಿತ್ತದ ಮೋಡ ಎರಡನ್ನೂ ಅಕ್ಕಪಕ್ಕ ಇಟ್ಟು, ನೆಲದಿಂದ ರೇಡಾರ್ ಮತ್ತು ಮಳೆಮಾಪಕಗಳಿಂದ ಅಳೆಯಿತು. ಬಿತ್ತಿದ ಜಾಗದಿಂದ ಗಾಳಿ ಸಾಗುವ ದಿಕ್ಕಿನ 100 ಚದರ ಕಿ.ಮೀ.ಯಲ್ಲಿ ಸರಾಸರಿ ಶೇ 18ರಷ್ಟು ಹೆಚ್ಚು ಮಳೆ ಎಂಬ ಫಲಿತಾಂಶ ಬಂತು. ಅದು ಸೊಲ್ಲಾಪುರದ ಮೋಡದ ಲೆಕ್ಕ. ಘಟ್ಟದ ಕುಳ್ಳ ಮೋಡಕ್ಕೆ ಅನ್ವಯಿಸುವುದಿಲ್ಲ.